ಎಡಗಡೆಯ ಅರ್ಧ ಇಂಚು

ಪಾರ್ಲರಕ್ಕನ ಅಂಗಡಿಯ ಬೋರ್ಡಿನ ಮೇಲೆ ಬೇರೆ ಏನೋ ಹೆಸರಿತ್ತು. ಬೀದಿಯವರು ಮಾತ್ರ ಅದನ್ನು ‘ಓರೆ ಪಾರ್ಲರ್’ ಎಂದೇ ಕರೆಯುತ್ತಿದ್ದರು. ಹುಬ್ಬು ತಿದ್ದುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಉದ್ದ ಕೂದಲಿನ ತುದಿಯನ್ನು ಬೇಕಾದರೆ ಕಣ್ಣು ಮುಚ್ಚಿಕೊಂಡೇ ಸಮ ಮಾಡಿಯಾಳು. ಆದರೆ ದವಡೆಯ ಮಟ್ಟಕ್ಕೆ ಬಾಬ್ ಕಟ್ ಮಾಡಲು ನಿಂತಳೆಂದರೆ ಎಡಗಡೆ ಅರ್ಧ ಇಂಚು ಮೇಲೇರಿ ಕೂರುತ್ತಿತ್ತು. ಅದಕ್ಕೆ ಸರಿಯಾಗಲೆಂದು ಬಲಗಡೆ ಕತ್ತರಿಸುವಳು. ಬಲಗಡೆ ಹೆಚ್ಚು ಹೋಯಿತೆಂದು ಮತ್ತೆ ಎಡಗಡೆ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯ ನ್ಯಾಯ. ದವಡೆಯ ಮಟ್ಟಕ್ಕೆಂದು ಕೂತವರು ಕಿವಿಯ ಮಟ್ಟಕ್ಕೆ ಎದ್ದು ಹೋಗುತ್ತಿದ್ದರು.

ಶಾಲೆಯ ಮುಖ್ಯೋಪಾಧ್ಯಾಯಿನಿ ಒಮ್ಮೆ ಗ್ರೂಪ್ ಫೋಟೋದ ಹಿಂದಿನ ದಿನ ಬಂದು ಕತ್ತರಿಸಿಕೊಂಡರು. ಆ ಫೋಟೋದಲ್ಲಿ ಅವರ ಕೂದಲು ನೇರವಾಗಿದೆ, ತಲೆ ಓರೆಯಾಗಿದೆ.

ಹೀಗೇ ಹತ್ತೊಂಬತ್ತು ವರ್ಷ ನಡೆಯಿತು. ಆಮೇಲೆ ಪಾರ್ಲರಕ್ಕನ ಅತ್ತೆಗೆ ಬಾಬ್ ಕಟ್‌ನ ಆಸೆ ಹುಟ್ಟಿತು. ಅತ್ತೆಗೆ ಎಪ್ಪತ್ತೊಂದು, ನಿವೃತ್ತ ಟೈಪಿಸ್ಟ್. ಆಫೀಸಿನಲ್ಲಿ ಬೇರೆಯವರ ತಪ್ಪು ತಿದ್ದಿ ಟೈಪ್ ಮಾಡುತ್ತಿದ್ದವರು ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಬಾಯಲ್ಲಿ ಮುಂದುವರಿಸಿದ್ದರು. ಉದ್ದ ಕೂದಲು ತೊಳೆಯಲು ಭುಜ ಎತ್ತಲಾಗುತ್ತಿಲ್ಲ, ಕತ್ತರಿಸಿಬಿಡು ಎಂದರು. ಸೊಸೆ ಒಂದು ವಾರ ಏನೇನೋ ನೆಪ ಹೇಳಿದಳು. ಗಂಡನನ್ನು ಕೇಳಿದರೆ, ಬೋಳುತಲೆಯ ಆ ಪುಣ್ಯಾತ್ಮ ಈ ವಿಷಯದಲ್ಲಿ ತನಗೆ ಅಧಿಕಾರವಿಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಕೊನೆಗೆ ಕತ್ತರಿಸಿದಳು. ಎಡಗಡೆ ಅರ್ಧ ಇಂಚು ಮೇಲೆ.

ಅತ್ತೆ ಕೂಗಾಡಲಿಲ್ಲ. ಕನ್ನಡಿಯನ್ನು ಬಹಳ ಹೊತ್ತು ನೋಡಿದರು, ಕೊಡೆ ತೆಗೆದುಕೊಂಡು ಹೊರಟರು. ಔಷಧಿ ಅಂಗಡಿ, ಹಾಲಿನ ಅಂಗಡಿ, ಸೈಕಲ್ ರಿಪೇರಿಯವನು, ಯಾರನ್ನೂ ಬಿಡಲಿಲ್ಲ. ಎಲ್ಲರಿಗೂ ಮುಖ ತಿರುಗಿಸಿ ಎಡಗೆನ್ನೆ ತೋರಿಸಿ, ನಮ್ಮ ಸೊಸೆಯ ಕೈಕೆಲಸ ಎಂದು ಹೇಳಿ ಬಂದರು. ವಾಪಸು ಬಂದಾಗ ಸೊಸೆ ಹಿತ್ತಲಲ್ಲಿ ಒಣಹಾಕಿದ ಟವೆಲುಗಳ ನಡುವೆ ನಿಂತು ಅಳುತ್ತಿದ್ದಳು.

“ಅಳೋದು ಆಮೇಲೆ ಇಟ್ಕೋ,” ಎಂದರು ಅತ್ತೆ. “ನಾಳೆಯಿಂದ ನಾನು ಅಂಗಡೀಲಿ ಕೂತ್ಕೋತೀನಿ. ತಪ್ಪು ಎಲ್ಲಿ ಆಗ್ತಿದೆ ನೋಡೇ ಬಿಡೋಣ.”

ನೋಡಬೇಕೆಂದರೆ ತಲೆಗಳು ಬೇಕಲ್ಲ. ಅತ್ತೆಯ ಜೊತೆ ಬೆಳಿಗ್ಗೆ ವಾಕಿಂಗ್ ಹೋಗುವ ಮುದುಕಿಯರು ಐವರಿದ್ದರು. ಈ ವಯಸ್ಸಲ್ಲಿ ನಮ್ಮನ್ನು ಯಾರು ನೋಡುತ್ತಾರೆ ಎಂದು ಅವರನ್ನು ಪುಸಲಾಯಿಸಿ, ದಿನಕ್ಕೊಬ್ಬರಂತೆ ಕರೆತಂದರು. ಮೊದಲಿಬ್ಬರದ್ದು ಯಥಾಪ್ರಕಾರ ಓರೆಯಾಯಿತು. ಮೂರನೆಯವಳ ಅರ್ಧ ತಲೆ ಮುಗಿಯುವಷ್ಟರಲ್ಲಿ ಅತ್ತೆ ಬೆಂಚಿನಿಂದ ಎದ್ದರು.

“ಕೈ ನಿಲ್ಸು. ಬಲಗಡೆ ಬಂದಾಗ ನೀನು ಮಂಡಿ ಬಗ್ಗಿಸ್ತೀಯ. ಎಡಗಡೆ ಸಿಂಕು ಅಡ್ಡ ಇದೆ, ಬಗ್ಗಕ್ಕೆ ಜಾಗಾನೇ ಇಲ್ಲ. ನಿಂತ್ಕೊಂಡು ಕೂದಲನ್ನ ನಿನ್ನ ಕಣ್ಣಿನ ಹತ್ರ ಎಳ್ಕೊಂಡು ಕತ್ತರಿಸ್ತೀಯ. ಎಳೆದು ಕತ್ತರಿಸಿದ್ದು ಬಿಟ್ಟ ಮೇಲೆ ಮೇಲಕ್ಕೆ ಹೋಗದೆ ಇನ್ನೇನಾಗತ್ತೆ?”

ಸೊಸೆಗೆ ಸಿಟ್ಟು ಬಂತು. ತಾನು ಕೋರ್ಸ್ ಮಾಡಿದವಳು ಎಂದು ಗೋಡೆಯ ಮೇಲಿದ್ದ ಸರ್ಟಿಫಿಕೇಟು ತೋರಿಸಿದಳು.

“ಅದೂ ಓರೆಯಾಗೇ ನೇತಾಡ್ತಿದೆ,” ಎಂದರು ಅತ್ತೆ.

ಅರ್ಧ ತಲೆಯ ಮುದುಕಿ ನಡುವೆ ಕೂತು, ಅತ್ತೆ ಸೊಸೆ ಜಗಳ ಆಮೇಲೆ ಆಡಿ, ನನ್ನನ್ನು ಮನೆಗೆ ಕಳಿಸಿ ಎಂದಳು. ಸೊಸೆ ಹಲ್ಲು ಕಚ್ಚಿಕೊಂಡು ಕುರ್ಚಿಯನ್ನು ಸಿಂಕಿನಿಂದ ಎರಡಡಿ ಆಚೆ ಎಳೆದಳು, ಎಡಗಡೆಗೆ ಬಂದು ನೆಲಕ್ಕೇ ಮಂಡಿಯೂರಿದಳು. ಕೂದಲನ್ನು ಎಳೆಯದೆ, ಬಾಚಣಿಗೆಯಲ್ಲಿ ಇಳಿಬಿಟ್ಟು, ಅದು ಬಿದ್ದಲ್ಲೇ ಕತ್ತರಿಸಿದಳು. ಅತ್ತೆ ತಮ್ಮ ಹಳೆಯ ಸ್ಕೇಲು ತಂದು ಎರಡೂ ಕಡೆ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮುದುಕಿ ಕನ್ನಡಿ ನೋಡಿ, ಮೊದಲಿನವರದ್ದಕ್ಕೂ ಇದಕ್ಕೂ ಏನು ಫರಕು ಎಂದು ಕೇಳಿದಳು. ಅತ್ತೆ ಸ್ಕೇಲನ್ನು ಅವಳ ಕೈಗೇ ಕೊಟ್ಟರು.

ಮಂಡಿಯೂರಿ ಎಷ್ಟು ದಿನ ನಡೆದೀತು? ಬೀದಿಯ ಹಲ್ಲಿನ ಡಾಕ್ಟರು ಹೊಸ ಪೀಠೋಪಕರಣ ತರಿಸಿದಾಗ ಅವರ ಹಳೆಯ ಚಕ್ರದ ಸ್ಟೂಲನ್ನು ಅತ್ತೆ ಕೇಳಿ ತಂದರು. ಮೊದಲ ದಿನ ಪಾರ್ಲರಕ್ಕ ಅದರ ಮೇಲೆ ಕೂತು ಜಾರಿಕೊಂಡು ಹೋಗಿ ಶಾಂಪೂ ಬಾಟಲಿಗಳ ಕಪಾಟಿಗೆ ಢೀ ಕೊಟ್ಟಳು. ಎರಡನೆಯ ವಾರಕ್ಕೆ ತಲೆಯ ಸುತ್ತ ಉಪಗ್ರಹದಂತೆ ಸುತ್ತತೊಡಗಿದಳು. ಈಗ ಆಕೆಯ ಕಣ್ಣು ಗಿರಾಕಿಯ ದವಡೆಯ ಮಟ್ಟಕ್ಕೇ ಇರುತ್ತಿತ್ತು.

ಒಂದು ತಪ್ಪು ಕಂಡವಳಿಗೆ ಉಳಿದವು ತಾವಾಗಿಯೇ ಕಾಣತೊಡಗಿದವು. ಕಾಲ ಮೇಲೆ ಕಾಲು ಹಾಕಿ ಕೂತವರ ಒಂದು ಭುಜ ಮೇಲೇಳುತ್ತದೆ, ಅದರ ಜೊತೆ ಗೆರೆಯೂ ಏಳುತ್ತದೆ. ಕೂದಲನ್ನು ದಪ್ಪದಪ್ಪವಾಗಿ ಹಿಡಿದರೆ ಕೆಳಗಿನ ಗೆರೆ ಕಾಣುವುದಿಲ್ಲ, ತೆಳುವಾಗಿ ಇಳಿಬಿಟ್ಟರೆ ಅದೇ ದಾರಿ ತೋರಿಸುತ್ತದೆ. ಗುಂಗುರು ಕೂದಲು ಒದ್ದೆಯಿದ್ದಾಗ ಉದ್ದವೆಂದು ನಂಬಿಸಿ, ಒಣಗಿದ ಮೇಲೆ ಕೈಕೊಡುತ್ತದೆ. ಇಷ್ಟನ್ನೂ ಆಕೆ ನಾಲ್ಕನೆಯ, ಐದನೆಯ ಮುದುಕಿಯರ ತಲೆಯ ಮೇಲೆ ಕಲಿತಳು, ಮೊದಲಿಬ್ಬರನ್ನೂ ಮತ್ತೆ ಕೂರಿಸಿ ಸಮ ಮಾಡಿದಳು. ಐವರೂ ಸಾಲಾಗಿ ವಾಕಿಂಗ್ ಹೊರಟರೆ ಹಿಂದಿನಿಂದ ಕಾಲೇಜು ಹುಡುಗಿಯರೆಂದು ಭಾವಿಸಿ ತಿರುಗಿ ನೋಡಿದವರು ಮುಂದಿನಿಂದ ಕ್ಷಮೆ ಕೇಳುತ್ತಿದ್ದರು. ಅದನ್ನು ಕಂಡು ಬ್ಯಾಂಕಿನ ಕ್ಯಾಷಿಯರಮ್ಮ ಬಂದಳು, ಆಕೆಯ ಇಬ್ಬರು ತಂಗಿಯರು ಬಂದರು. ಬರಬರುತ್ತಾ ಶನಿವಾರ ಬೆಂಚಿನಲ್ಲಿ ಅತ್ತೆಗೇ ಜಾಗ ಸಿಗದಂತಾಯಿತು.

ಎರಡು ತಿಂಗಳಿಗೆ ಅತ್ತೆಯ ಕೂದಲು ಬೆಳೆದು, ಅವರೂ ಬಂದು ಕುರ್ಚಿಯಲ್ಲಿ ಕೂತರು. ಸೊಸೆ ಸ್ಟೂಲಿನ ಮೇಲೆ ಒಂದು ಸುತ್ತು ಸುತ್ತಿ ಕತ್ತರಿಸಿದಳು, ಡ್ರೈಯರ್ ಹಾಕಿದಳು. ಅತ್ತೆ ಕನ್ನಡಕ ಏರಿಸಿ, ಎಡಕ್ಕೂ ಬಲಕ್ಕೂ ನೋಡಿ, ಡ್ರೈಯರಿನ ಸದ್ದಿನ ನಡುವೆ ಏನೋ ಅಂದರು. ‘ಚೆನ್ನಾಗಿದೆ’ ಎಂದಂತೆ ಕೇಳಿಸಿತು. ಸೊಸೆ ಡ್ರೈಯರ್ ಆರಿಸಿ, ಏನಂದಿರಿ ಎಂದು ಕೇಳಿದಳು.

“ಬಿಸಿ ಜಾಸ್ತಿ ಆಯ್ತು ಅಂದೆ,” ಎಂದರು ಅತ್ತೆ.