ಬಸ್ಸಿಗೆ ಅಡ್ಡ ಮಲಗಿದ ಏಳನೇ ಕ್ಲಾಸು

ಊರಿಗೆ ಸಿನಿಮಾ ಬರುತ್ತಿರಲಿಲ್ಲ, ಊರೇ ಎದ್ದು ಸಿನಿಮಾಕ್ಕೆ ಹೋಗುತ್ತಿದ್ದ ಕಾಲ ಅದು. ಜೋಳ ಕೊಯ್ದು ಹೊಲ ಬರಿದಾದ ಮೇಲೆ ಕುಕನೂರಿನ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅಲ್ಲಿಗೆ ಒಂದು ಸಾಲಿ ಸಿನಿಮಾ ಬಂತು. ಸಾಲಿ ಸಿನಿಮಾ ಅಂದರೆ ಮಾಸ್ತರು, ಪಾಟಿ, ಗಂಟೆ ಇರುವ ಸಿನಿಮಾ. ಹೊಡೆದಾಟವಿಲ್ಲ, ಮಕ್ಕಳಿಗೆ ಬುದ್ಧಿ ಬರುತ್ತದೆ ಎಂದು ಇಂಥವನ್ನು ಸಾಲಿಯಿಂದಲೇ ಕರೆದೊಯ್ದು ತೋರಿಸುವ ರೂಢಿಯಿತ್ತು. ನಮಗೆ ಬುದ್ಧಿ ಎಷ್ಟು ಬಂತು ಅನ್ನುವುದನ್ನೇ ಹೇಳಹೊರಟಿದ್ದೇನೆ.

ಊರ ಗೌಡರು ಟ್ರ್ಯಾಕ್ಟರು ಕೊಟ್ಟರು. ಟ್ರೇಲರಿನಲ್ಲಿ ನಾವು ಹೆಸರುಕಾಳು ಚೀಲದಲ್ಲಿ ಕೂತಂತೆ ಕೂತಿದ್ದೆವು. ಎಲ್ಲರ ಮಡಿಲಲ್ಲೂ ಕಟಿರೊಟ್ಟಿ, ಶೇಂಗಾ ಹಿಂಡಿಯ ಗಂಟು. ಡೀಸೆಲ್ಲಿನ ಹೊಗೆ ಮತ್ತು ಬೆಳ್ಳುಳ್ಳಿ ಹಾಕಿ ಕುಟ್ಟಿದ ಹಿಂಡಿಯ ವಾಸನೆ ಒಟ್ಟಾದರೆ ಇವತ್ತಿಗೂ ನನಗೆ ಸಿನಿಮಾ ಶುರುವಾಗುತ್ತದೆ ಅನಿಸುತ್ತದೆ. ಉಳಿದವರು ಹಾಡುತ್ತಿದ್ದರು. ನಾನು ಮಾತ್ರ ಟ್ರೇಲರ್ ಮಗುಚಿದರೆ ಹೇಗೆ, ನಡುವೆ ಒಂದಕ್ಕೆ ಬಂದರೆ ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ.

"ಏನಪಾ ಚಿಂತಾಮಣಿ, ಇವತ್ತೇನ್ ಚಿಂತಿ?" ಅಂದರು ಶರಣಪ್ಪ ಮಾಸ್ತರು.

ಈ ಹೆಸರು ಇಟ್ಟವರೇ ಅವರು. ನಮಗೆ ಲೆಕ್ಕ ಮತ್ತು ಕನ್ನಡ ಕಲಿಸುತ್ತಿದ್ದರು. ಇನ್ನೂ ಹುಡುಗರಂತೆಯೇ ಇದ್ದರು. ಸಾಲಿಗೆ ಹತ್ತಿದ ಒಂದೇ ಕೋಣೆಯಲ್ಲಿ ವಾಸ. ಮಧ್ಯಾಹ್ನದ ಬಿಡುವಿನಲ್ಲಿ ಸ್ಟೋವ್ ಹಚ್ಚಿ ಒಗ್ಗರಣೆ ಕೊಟ್ಟರೆ ಇಡೀ ಸಾಲಿಗೆ ಸೀನು. ಶನಿವಾರ ಮುಂಜಾನೆಯ ಸಾಲಿ ಬಿಟ್ಟೊಡನೆ ಬಸ್ಸು ಹತ್ತಿ ಎಲ್ಲಿಗೋ ಹೋಗುತ್ತಿದ್ದರು, ಸೋಮವಾರ ಗಂಟೆ ಹೊಡೆಯುವ ಹೊತ್ತಿಗೆ ಧೂಳು ತುಂಬಿದ ತಲೆಯೊಂದಿಗೆ ಹಾಜರು. ಎಲ್ಲಿಗೆ ಎಂದು ನಾವು ಯಾರೂ ಕೇಳಿದವರಲ್ಲ. ಮಾಸ್ತರು ಅಂದರೆ ಕರಿಹಲಗೆ ಇದ್ದಂತೆ, ಸಾಲಿಯದೇ ಸಾಮಾನು.

ಹಗಲು ಆಟ. ಡೇರೆಯ ತೂತುಗಳಿಂದ ಬಿಸಿಲು ಬಿದ್ದು ಪರದೆಯ ಮೇಲಿನವರಿಗೆಲ್ಲ ಸಿಡುಬು ಎದ್ದಂತೆ ಕಾಣುತ್ತಿತ್ತು. ಆದರೂ ಕತೆ ತಿಳಿಯಿತು. ಒಂದು ಹಳ್ಳಿಗೆ ಮಾಸ್ತರು ಬರುತ್ತಾನೆ, ಮಕ್ಕಳಿಗೆ ಅವನೆಂದರೆ ಪ್ರಾಣ. ಕೆಟ್ಟ ಗೌಡ ಅವನನ್ನು ಬೇರೆ ಊರಿಗೆ ವರ್ಗ ಮಾಡಿಸುತ್ತಾನೆ. ಮಕ್ಕಳು ಬಸ್ಸಿಗೆ ಅಡ್ಡ ಮಲಗುತ್ತಾರೆ. ಮಾಸ್ತರು ಟ್ರಂಕು ಹಿಡಿದು ಕೆಳಗಿಳಿಯುತ್ತಾನೆ. ಹಾಡು. ಇಡೀ ಡೇರೆ ಮೂಗು ಒರೆಸಿಕೊಂಡಿತು. ನಮ್ಮ ಮಾಸ್ತರೂ ಕನ್ನಡಕ ತೆಗೆದು ಒರೆಸಿದರು.

ಅವತ್ತಿನಿಂದ ಊರಲ್ಲಿ ಚಿಣಿಪಣಿ ಆಟ ನಿಂತುಹೋಯಿತು. ಹನುಮಪ್ಪನ ಗುಡಿಯ ಮುಂದೆ ಸಂಜೆಯಾದರೆ ಸಿನಿಮಾ ಆಟ. ಇದರ ಯಜಮಾನಿಕೆ ನಾಗಿಯದು. ನಮ್ಮ ಕ್ಲಾಸಿನ ನಾಗಿಗೆ ಉದ್ದ ಕಾಲು, ಅದಕ್ಕಿಂತ ಉದ್ದ ನಾಲಿಗೆ. ಎಲ್ಲರಿಗೂ ಪಾತ್ರ ಹಂಚಿದ ಮೇಲೆ ಉಳಿದವನು ನಾನು.

"ನೀ ಬಸ್ ಆಗು," ಅಂದಳು.

"ನನಗೂ ಒಂದ್ ಮಾತಿರೋ ಪಾತ್ರ ಕೊಡು ನಾಗಿ."

"ಬಸ್ಸಿಗಿ ಎಲ್ಲಿ ಮಾತಿರತೈತಿ? ಬುರ್ ಅನ್ನು, ಸಾಕು."

ಹೀಗೆ ನಾನು ದಿನಾ ಬುರ್ ಅಂದೆ. ನಿಲ್ಲುವಾಗ ಯಾರ ಕೈಯಾದರೂ ತುಳಿದೇನೋ ಎಂದು ಹೆದರಿ ಬಹಳ ದೂರದಲ್ಲೇ ನಿಲ್ಲುತ್ತಿದ್ದೆ. "ಇದೆಂಥಾ ಅಂಜುಬುರುಕ ಬಸ್ಸೋ ಮಾರಾಯಾ!" ಎಂದು ನಾಗಿ ಮಲಗಿದಲ್ಲಿಂದಲೇ ಬೈಯುತ್ತಿದ್ದಳು.

ಯುಗಾದಿ ಹತ್ತಿರವಿತ್ತು, ಏಳನೇ ಕ್ಲಾಸಿನ ಪರೀಕ್ಷೆ ಅದಕ್ಕಿಂತ ಹತ್ತಿರವಿತ್ತು. ಒಂದು ಸಂಜೆ ನಾಗಿ ಓಡಿಬಂದು ಏದುಸಿರಿನಲ್ಲಿ ಹೇಳಿದಳು: "ಆಟ ಬಂದ್ ಮಾಡ್ರಿ. ನಮ್ ಸರಗ ಖರೇನ ವರ್ಗ ಆಗೇತಿ. ನಾಳಿ ಮುಂಜಾನಿ ಬಸ್ಸಿಗಿ ಹೊಂಟಾರ."

ನನಗೆ ಚಿಂತೆ ಶುರುವಾಯಿತು. ಬಡ್ಡಿ ಲೆಕ್ಕ ಇನ್ನೂ ಅರ್ಧಕ್ಕಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಚಿಂತೆಯನ್ನು ಕೇಳಿ ನಗದೆ ಉತ್ತರ ಕೊಡುತ್ತಿದ್ದವರು ಊರಲ್ಲಿ ಅವರೊಬ್ಬರೇ.

"ಯಾರ್ ಮಾಡಿಸ್ಯಾರ?" ಅಂದೆ.

"ಗೌಡ್ರು. ಇನ್ಯಾರು?"

"ಗೌಡ್ರು ನಮಗ ಟ್ರ್ಯಾಕ್ಟರ್ ಕೊಟ್ಟಾರಲ್ಲ."

"ಒಳಗೊಳಗ ಏನೈತೋ ಯಾರಿಗಿ ಗೊತ್ತು!" ಅಂದಳು. ಸಿನಿಮಾ ನೋಡಿದವರಿಗೆ ಇಷ್ಟು ಪುರಾವೆ ಸಾಕಾಯಿತು.

ಮರುದಿನ ಯಲಬುರ್ಗಾ ಕಡೆಯಿಂದ ಬಂದ ಬಸ್ಸು ಬೇವಿನ ಗಿಡದ ಕೆಳಗೆ ನಿಂತಿತು. ಮಾಸ್ತರು ಟ್ರಂಕು, ಹಾಸಿಗೆ ಸುರುಳಿ ಹಾಕಿಸಿ ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಮೈ ಅಲುಗಿಸಿ ಹೊರಡುವಷ್ಟರಲ್ಲಿ ಗಿಡದ ಹಿಂದಿನಿಂದ ಇಡೀ ಏಳನೇ ಕ್ಲಾಸು ನುಗ್ಗಿ ರಸ್ತೆಗೆ ಅಡ್ಡ ಬಿತ್ತು. ನಾನು ಗಟಾರದ ಅಂಚಿಗೆ, ಬಸ್ಸು ಬಂದರೂ ಬಾರದಂಥ ಜಾಗ ನೋಡಿಟ್ಟಿದ್ದೆ. ನಾಗಿ ಕಾಲು ಹಿಡಿದು ದರದರ ಎಳೆದು ನಡುವೆ ಹಾಕಿಕೊಂಡಳು.

ಡ್ರೈವರ್ ಹೌಹಾರಿ ಬ್ರೇಕು ಒತ್ತಿ, ಗಾಬರಿಯಲ್ಲಿ ಇಂಜಿನ್ನನ್ನೂ ಬಂದ್ ಮಾಡಿಬಿಟ್ಟ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ: "ಏಳ್ರಲೇ ಮಕ್ಕಳ್ರ್ಯಾ! ಈ ಗಾಡಿ ಬ್ರೇಕಿನ ಮ್ಯಾಲ ನನಗ ನಂಬಿಕಿ ಇಲ್ಲ, ನಿಮಗ ಹ್ಯಾಂಗ್ ಐತಿ?"

ಈ ಮಾತು ಕೇಳಿ ನನ್ನ ಕಾಲು ತಾನೇ ಏಳಲು ನೋಡಿತು. ನಾಗಿ ಅಂಗಿ ಬಿಡಲಿಲ್ಲ. ಅಷ್ಟರಲ್ಲಿ ಕೂಡಿದ್ದ ಮಂದಿಯ ನಡುವಿನಿಂದ ನನ್ನವ್ವನ ದನಿ ಕೇಳಿಸಿತು: "ಏ ಮೂಳಾ, ಹೊಸಾ ಅಂಗೀಲೋ ಅದು!" ಮಗ ಹೋದರೂ ಅಂಗಿ ಉಳಿಯಲಿ ಅನ್ನುವ ಧಾಟಿ.

ಮಾಸ್ತರು ಇಳಿದರು. ಟ್ರಂಕು ಇಳಿಸಲಿಲ್ಲ. ಬಂದು ನಮ್ಮ ಪಕ್ಕದಲ್ಲೇ, ಮಣ್ಣಿನಲ್ಲೇ, ಚಕ್ಕಂಬಕ್ಕಲ ಹಾಕಿ ಕೂತರು.

"ನಾಗವ್ವಾ, ಆ ಸಿನಿಮಾದಾಗ ಬಸ್ ನಿಂತ ಮ್ಯಾಲ ಏನಾತು?"

"ಸರ ಇಳದ್ರು. ಹಾಡು ಬಂತ್ರಿ."

"ಹಾಡು ಮುಗದ ಮ್ಯಾಲ ಆ ಸರ ಎಲ್ಲಿಗಿ ಹೋದ್ರು?"

ನಾಗಿ ನನ್ನ ಮುಖ ನೋಡಿದಳು. ನಾನು ಬಸ್ಸಿನ ಮುಖ ನೋಡಿದೆ.

"ಸಾಲಿಗಿ ಹೋಗಿರಬೇಕ್ರಿ," ಅಂದಳು.

"ಅವ್ರಿಗಿ ಮನಿ ಇದ್ದಿಲ್ಲೇನು? ಹೆಂಡ್ತಿ, ಮಕ್ಕಳು?"

"ತೋರ್ಸಲಿಲ್ಲಲ್ರಿ."

"ನನ್ನ ಮನಿ ಹುಲಿಹೈದರದಾಗ ಐತವ್ವಾ. ನಿಮಗೂ ಯಾರೂ ತೋರ್ಸಿಲ್ಲ," ಅಂದರು. "ಕುಕನೂರು, ಕೊಪ್ಪಳ, ಗಂಗಾವತಿ, ಕನಕಗಿರಿ ಅಂತ ಬಸ್ ಬದಲಿ ಮಾಡಿ ಶನಿವಾರ ಕತ್ತಲಾದ ಮ್ಯಾಲ ಮುಟ್ಟತೀನಿ. ಸಣ್ಣ ಮಗಳದಾಳ. ನನ್ನ ನೋಡಿದ ಕೂಡ್ಲೆ ಅವ್ವನ ಸೀರ್ಯಾಗ ಮಾರಿ ಮುಚ್ಕೊಂಡು ಅಳತಾಳ, ಮನಿಗಿ ಯಾರೋ ಬಂದಾರಂತ. ಭಾನುವಾರ ಸಂಜಿಗಿ ಒಂದೀಟು ರೂಢಿ ಆಗಿ ತೊಡಿ ಮ್ಯಾಲ ಬರ್ತಾಳ. ಅಷ್ಟರಾಗ ನಾ ಚೀಲಾ ಹಿಡೀಬೇಕು."

ಡ್ರೈವರನೂ ಕಿಟಕಿಗೆ ಗದ್ದ ಊರಿ ಕೇಳುತ್ತಿದ್ದ.

"ಯಾರೂ ಓಡಿಸಿಲ್ಲ ನನ್ನ. ಈ ವರ್ಗ ನಾನ ವರ್ಷಗಟ್ಟಲೆ ಬೇಡಿ ತಗೊಂಡೀನಿ. ಇವತ್ತ ಸಂಜಿಯೊಳಗ ಅಲ್ಲಿನ ಸಾಲ್ಯಾಗ ಹಾಜರಾಗಬೇಕು, ಇಲ್ಲಾಂದ್ರ ಆ ಜಾಗ ಇನ್ನೊಬ್ರ ಪಾಲು."

ನಾಗಿ ಎದ್ದು ಕೂತಳು. ಕಣ್ಣು ಕೆಂಪಗಾಗಿದ್ದವು. "ಮೊದ್ಲ ಹೇಳಾಕ ಏನಾಗಿತ್ರಿ ನಿಮಗ?"

"ನಿಮ್ ಮುಂದ ಹೇಳಿದ್ರ ನನಗ ಹೋಗಾಕ ಆಗ್ತಿರಲಿಲ್ಲವ್ವಾ," ಅಂದರು ಮಾಸ್ತರು. ಕನ್ನಡಕ ಮತ್ತೆ ಒರೆಸಿದರು.

ನಾಗಿ ಲಂಗ ಝಾಡಿಸಿದಳು. "ಏಳ್ರಲೇ ಎಲ್ಲಾರೂ," ಅಂದಳು. ಎದ್ದೆವು. ಮಾಸ್ತರು ಬಸ್ಸು ಹತ್ತಿದರು. ಡ್ರೈವರ್ ಕೀಲಿ ತಿರುವಿದ. ಬಸ್ಸು ಕೆಮ್ಮಲೂ ಇಲ್ಲ.

ಆಗ ಕಂಡಕ್ಟರ್ ತಲೆಯ ಮೇಲೆ ಕೈ ಹೊತ್ತ. ಆ ಬಸ್ಸಿನ ಇಂಜಿನ್ ಎಬ್ಬಿಸುವ ಸೆಲ್ಫು ಹೋಗಿ ಎಷ್ಟೋ ದಿನವಾಗಿತ್ತಂತೆ. ರಾತ್ರಿ ಇಳಿಜಾರು ನೋಡಿ ನಿಲ್ಲಿಸುವುದು, ಬೆಳಿಗ್ಗೆ ಉರುಳಿಸಿ ಶುರು ಮಾಡಿದರೆ ಸಂಜೆಯ ತನಕ ಇಂಜಿನ್ ಬಂದ್ ಮಾಡದೆ ಓಡಿಸುವುದು ಅವರ ಪದ್ಧತಿ. ನಮ್ಮೂರೋ, ರೊಟ್ಟಿ ಬಡಿಯುವ ಹಲಗೆಯಂತೆ ಸಪಾಟು. ಕುಕನೂರಿನಿಂದ ಕೊಪ್ಪಳಕ್ಕೆ ಹೋಗುವ ಬಸ್ಸು ಇವರಿಗಾಗಿ ಕಾಯುವುದಿಲ್ಲ. ಅದು ತಪ್ಪಿದರೆ ಮುಂದಿನವೆಲ್ಲ ತಪ್ಪಿದಂತೆ. ಮಾಸ್ತರ ಮುಖ ಬಿಳಚಿತು. ಈ ಕೆಲಸ ನಮ್ಮದೇ ಎಂದು ನಮಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ.

"ನೂಕ್ರಿ!" ಅಂದಳು ನಾಗಿ.

ಅಡ್ಡ ಮಲಗಿದವರೆಲ್ಲ ಹಿಂದಕ್ಕೆ ಓಡಿದೆವು. ದೊಡ್ಡವರೂ ಪಂಚೆ ಎತ್ತಿಕಟ್ಟಿ ಬಂದರು, ನನ್ನವ್ವ ಸೀರೆಯ ಕಚ್ಚೆ ಬಿಗಿದು ಬಂದಳು. ಬಿಸಿ ತಗಡಿಗೆ ಅಂಗೈ, ಹೆಗಲು, ಬೆನ್ನು, ಸಿಕ್ಕಿದ್ದನ್ನೆಲ್ಲ ಕೊಟ್ಟೆವು. ಬಸ್ಸು ಒಂದಿಷ್ಟು ಮುಂದೆ ಹೋಗಿ ನಿಂತಿತು. ಮಾಸ್ತರು ಕೆಳಗೆ ಧುಮುಕಿ ನನ್ನ ಪಕ್ಕದಲ್ಲೇ ಹೆಗಲು ಹಚ್ಚಿದರು. "ನೂಕಪಾ ಚಿಂತಾಮಣಿ!" ನೂಕಿದೆ. ಅಳುತ್ತ ನೂಕಿದೆ. ಒಳಗೆ ಒಂದು ಮನಸ್ಸು ಶುರುವಾಗದಿರಲಿ ಅನ್ನುತ್ತಿತ್ತು, ಕಾಲು ಮಾತ್ರ ಮಣ್ಣು ಒದ್ದು ಒದ್ದು ಮುಂದೆ ಹೋಗುತ್ತಿತ್ತು.

ಢಗ್ ಎಂದು ಕರಿಹೊಗೆ ನಮ್ಮ ಮುಖಕ್ಕೆ ಉಗುಳಿ ಬಸ್ಸು ಎದ್ದಿತು. ಈಗಷ್ಟೇ ಎದ್ದ ಇಂಜಿನ್, ನಿಲ್ಲಿಸಿದರೆ ಮತ್ತೆ ಸತ್ತೀತು, ಡ್ರೈವರ್ ನಿಲ್ಲಿಸುವ ಹಾಗಿಲ್ಲ. ಮಾಸ್ತರು ಕೆಳಗೇ ಇದ್ದರು. ಅವರು ಒಮ್ಮೆ ನಮ್ಮನ್ನು ನೋಡಿದರು, ಒಮ್ಮೆ ಬಸ್ಸನ್ನು ನೋಡಿದರು.

"ಓಡ್ರಿ ಸರ!" ಎಂದು ಚೀರಿದವಳು ನಾಗಿ. ಆಮೇಲೆ ನಾವೆಲ್ಲ. "ಓಡ್ರಿ ಸರ, ಓಡ್ರಿ! ಲಗೂನ ಓಡ್ರಿ!"

ಅವರು ಓಡಿದರು. ಕಂಡಕ್ಟರ್ ಬಾಗಿಲಿನಿಂದ ಕೈ ಚಾಚಿ ಎಳೆದುಕೊಂಡ. ಧೂಳಿನಲ್ಲಿ ಒಂದು ಕೈ ಬೀಸಿದ್ದು ಕಂಡಿತು, ಅದು ಅವರದೋ ಕಂಡಕ್ಟರನದೋ ಎಂದು ನಾನು ಆಮೇಲೆ ಬಹಳ ದಿನ ಚಿಂತೆ ಮಾಡಿದೆ. ಸಂಜೆ ಯಾರೂ ಗುಡಿಯ ಮುಂದೆ ಆಡಲಿಲ್ಲ. ನಾಗಿ ಒಮ್ಮೆ ಮಾತ್ರ, "ಇಷ್ಟೊತ್ತಿಗಿ ಮುಟ್ಟಿರಬೇಕು. ಆ ಕೂಸು ಅಳತಿರತೈತಿ," ಅಂದಳು.

ಈಗಲೂ ಸಾಲಿ ಸಿನಿಮಾ ಬರುತ್ತವೆ. ಮನೆಯಲ್ಲೇ ಕೂತು, ತೂತಿಲ್ಲದ ಪರದೆಯಲ್ಲಿ ನೋಡುತ್ತೇವೆ. ಕೊನೆಯಲ್ಲಿ ಮಾಸ್ತರು ಮಕ್ಕಳ ಬಳಿಯೇ ಉಳಿದಾಗ ಹೆಂಡತಿ, ಮಗಳು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಮಾತ್ರ ಈ ಮಾಸ್ತರ ಮನೆಯವರಿಗೆ ಯಾರಾದರೂ ಸುದ್ದಿ ಮುಟ್ಟಿಸಿದರೋ ಇಲ್ಲವೋ ಎಂದು ಒದ್ದಾಡುತ್ತೇನೆ. "ಅಪ್ಪಾ, ಸುಮ್ನ ಸಿನಿಮಾ ನೋಡು," ಅನ್ನುತ್ತಾಳೆ ಮಗಳು. ಅವಳ ಗಣಿತದ ಮೇಡಂ ವರ್ಷದ ನಡುವೆಯೇ ಬೇರೆ ಕಡೆ ಹೋದರಂತೆ. ಎಲ್ಲಿಗೆ ಎಂದರೆ ಗೊತ್ತಿಲ್ಲ, ಯಾಕೆ ಎಂದರೆ ಗೊತ್ತಿಲ್ಲ. "ಹೊಸ ಮೇಡಂ ಬಂದಾರಲ್ಲ," ಅಂದಳು. ತಪ್ಪೇನೂ ಅಲ್ಲ, ಪಾಠ ಒಂದು ದಿನವೂ ನಿಂತಿರಲಿಲ್ಲ.

ಹೋದ ವರ್ಷ ನನಗೂ ಗಂಗಾವತಿಯ ಕಚೇರಿಯಿಂದ ಕೊಪ್ಪಳಕ್ಕೆ ವರ್ಗವಾಯಿತು, ಮನೆ ಅಲ್ಲೇ ಇದೆ ಎಂದು ನಾನೇ ಕೇಳಿ ಪಡೆದದ್ದು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ಆಯಿತು, ಒಳ್ಳೆಯ ಮಾತಾಡಿದರು. ಮೂರರ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಮುಂದೆ ಯಾರೂ ಅಡ್ಡ ಮಲಗಿರಲಿಲ್ಲ, ಹಿಂದೆ ಯಾರೂ ಹೆಗಲು ಕೊಟ್ಟಿರಲಿಲ್ಲ. ಡ್ರೈವರ್ ಕೀಲಿ ತಿರುವಿದ, ಬಸ್ಸು ಒಂದೇ ಏಟಿಗೆ ಶುರುವಾಯಿತು. ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದೆ.