ಅಬರ್ಡೀನಿನ ಸೀಮಂತಕ್ಕೆ ಗುಬ್ಬಿಯ ಸೋಬಾನೆ

ಗುಬ್ಬಿಯಲ್ಲಿ ಆ ಕಾಲಕ್ಕೆ ಯಾರ ಮನೆಯಲ್ಲಿ ಮದುವೆಯಾಗಲಿ ಸೀಮಂತವಾಗಲಿ, ಹೊಂಬಾಳಮ್ಮನಿಗೆ ಕರೆ ಬಂದೇ ಬರುತ್ತಿತ್ತು. ಅಡಿಗೆಗಲ್ಲ, ಹಾಡಿಗೆ. ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ. ಅಮೃತೂರಿನ ತವರಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ಕೇಳಿ ಕೇಳಿ ಕಲಿತ ಸೋಬಾನೆ ಪದಗಳೇ ಅವಳ ಆಸ್ತಿ. ಅವಳು ಬಂದು ಚಾಪೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡಳೆಂದರೆ, ಒಲೆಯ ಮುಂದಿದ್ದ ಹೆಂಗಸರೂ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದರು.

ಅವಳ ಪದಗಳಲ್ಲೆಲ್ಲ ಜನ ಕೇಳಿ ಕೇಳಿ ಹಾಡಿಸಿಕೊಳ್ಳುತ್ತಿದ್ದದ್ದು ಮಡಿಲು ತುಂಬುವ ಪದ. ಬಸುರಿಯ ಮಡಿಲಿಗೆ ಯಾರು ಏನು ತಂದರು ಅಂತ ಹೇಳುತ್ತ ಹೋಗುವ ಹಾಡು ಅದು. ಅತ್ತೆ ಬಳೆ ತಂದಳು, ಅಣ್ಣ ಹೂವು ತಂದ, ಕೊನೆಗೆ ಹೆತ್ತ ತಂದೆ ಹಸಿರು ಸೀರೆ ತಂದ. ಯಾರ ಸೀಮಂತವೋ ಆ ಮನೆಯವರ ಹೆಸರನ್ನೇ ಹಾಡಿನಲ್ಲಿ ಸೇರಿಸಬೇಕು. ಬೇರೆಯವರ ಮನೆಯಲ್ಲಾದರೆ ಹೊಂಬಾಳಮ್ಮನಿಗೆ ಏನೂ ತೊಡಕಿಲ್ಲ. ಆದರೆ ಮನೆಯಲ್ಲಿ ಮಗಳು ವನಜಾಕ್ಷಿ ಆಟಕ್ಕೆ ಬೊಂಬೆಗೆ ಸೀಮಂತ ಮಾಡಿ, "ಅಮ್ಮ, ಹಾಡು" ಅಂತ ಪೀಡಿಸಿದಾಗ, ಹಸಿರು ಸೀರೆಯ ಸಾಲಿಗೆ ಬಂದು ನಿಂತುಬಿಡುವಳು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಕರಗುತ್ತದೆ ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ವನಜ ಕೈ ತಟ್ಟಿ, "ಹೇಳಮ್ಮ, ಹೇಳಮ್ಮ" ಅನ್ನುವಳು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು. ಕಡೆಗೆ ಮಗಳೇ ಅಪ್ಪನ ಹೆಸರು ಕೂಗಿ ಪದ ಮುಗಿಸುವಳು.

ರೇಷನ್ ಅಂಗಡಿಯಲ್ಲೂ ಇದೇ ಕತೆ. "ಯಜಮಾನ್ರ ಹೆಸರೇನಮ್ಮ?" ಅಂದರೆ, "ತುಮಕೂರ್ ತಾವ ಮಠ ಐತಲ್ಲಪ್ಪ, ಅದರ ಹೆಸರು. ಕೊನೇಲಿ ಅಯ್ಯ ಸೇರಿಸ್ಕೊ" ಅನ್ನುತ್ತಿದ್ದಳು.

ಹಾಗೆ ಹೆಸರು ಹೇಳಿಸಿಕೊಳ್ಳದ ಸಿದ್ದಗಂಗಯ್ಯ ಖಾಸಗಿ ಬಸ್ಸಿನ ಏಜೆಂಟ್. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು, "ಗುಬ್ಬಿ, ನಿಟ್ಟೂರು, ತಿಪಟೂರ್, ಹತ್ತಿ ಹತ್ತಿ!" ಅಂತ ಕೂಗಿ ಕೂಗಿ ಗಂಟಲು ಡೋಲಿನ ಹಾಗಾಗಿತ್ತು. ಆ ಗಂಟಲಿನ ದುಡಿಮೆಯಲ್ಲೇ ಮಗ ರಂಗಧಾಮ ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನ ಕೊಬ್ಬರಿ ಮಂಡಿ ಸೇರಿದ. ಮಗಳು ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ, ಜೊತೆಯಲ್ಲಿ ಓದಿದ ಕೆಂಪರಾಜುವನ್ನು ಮದುವೆಯಾಗಿ, ಇಬ್ಬರೂ ಸ್ಕಾಲರ್‌ಶಿಪ್ಪಿನ ಮೇಲೆ ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋದರು. ಬೆಳೆಗೆ ಬೀಳುವ ರೋಗದ ಮೇಲೆ ಪಿಎಚ್.ಡಿ. ಅಂತೆ. ಅದು ಎಪ್ಪತ್ತೆಂಟನೇ ಇಸವಿ.

ಕಾಗದ ಓದಲು ಹೊಂಬಾಳಮ್ಮನಿಗೆ ತಡವರಿಕೆ. ಅದಕ್ಕೇ ವನಜ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದಳು. ಪಕ್ಕದ ಮನೆಯ ಟೀಚರ್ ರಾಧಮ್ಮನವರ ತಮ್ಮ ಕುವೈತಿನಿಂದ ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಕ್ಯಾಸೆಟ್ ಬಂತೆಂದರೆ ಎಲ್ಲರೂ ಅವರ ಜಗಲಿಗೆ.

ಆ ಊರಿನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಕಾಫಿ ಹೊತ್ತಿಗೇ ಕತ್ತಲೆಯಂತೆ. ಮನೆಗಳೆಲ್ಲ ಬೂದು ಕಲ್ಲಿನವಂತೆ. ಇರುವುದು ಒಂದೇ ಕೋಣೆ, ಅದರಲ್ಲೇ ಅಡಿಗೆ, ಅದರಲ್ಲೇ ಓದು. ಯುಗಾದಿಗೆ ಬೇವು ಸಿಗದೆ ಕಿತ್ತಳೆ ಸಿಪ್ಪೆ ಕಹಿಯಾಗಿದೆಯೆಂದು ಅದನ್ನೇ ಬೆಲ್ಲದ ಬದಲು ಸಕ್ಕರೆಯ ಜೊತೆ ಅರೆದು ತಿಂದರಂತೆ. ಗೌರಿಯನ್ನು ಅಲ್ಲಿನ ಸೋಡಾ ಬೆರೆತ ಮೈದಾಹಿಟ್ಟಿಗೆ ಅರಿಸಿನ ಕಲಸಿ ಮಾಡಿದರೆ, ರೂಮಿನ ಬಿಸಿಗೆ ಗೌರಮ್ಮ ಉಬ್ಬಿಕೊಂಡಳಂತೆ. ಪ್ರೊಫೆಸರು ಮೊದಲ ಅಧ್ಯಾಯ ಒಪ್ಪಿದ ದಿನ ಕೇಸರಿಬಾತು ಮಾಡಿ, ನೈಜೀರಿಯಾದ ಗೆಳತಿಗೂ, ಸಿಲೋನಿನ ಹುಡುಗಿಗೂ, ಮನೆ ಓನರ್ ಮುದುಕಿಗೂ ಹಂಚಿದಳಂತೆ. ಮುದುಕಿ ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದಳಂತೆ. ರಾಗಿ ಇಲ್ಲದ್ದಕ್ಕೆ ಓಟ್ಸ್ ಹಿಟ್ಟಿನಲ್ಲಿ ಮುದ್ದೆ ತಿರುವಿದ್ದೂ ಬಂತು.

"ನೋಡ್ರೀ ರಾಧಮ್ಮೋರೆ," ಅಂದಿದ್ದರು ಏಜೆಂಟರು, "ಕುಣಿಗಲ್ ಫಾರಂನಲ್ಲಿ ಕುದುರೆಗೆ ಹಾಕೋದನ್ನ ನನ್ ಮಗಳು ಸೀಮೆ ದಾಟ್ ಹೋಗಿ ತಿಂತಾವ್ಳೆ!"

ತಿರುಗಿ ಇಲ್ಲಿಂದ ಮಾತು ತುಂಬುವಾಗ ಅವರದ್ದೇ ಮೊದಲು. ಮೈಕಿಗೆ ಬಾಯಿ ಇಟ್ಟು, "ಅಬರ್ಡೀನ್, ಅಬರ್ಡೀನ್, ಯಾರ್ರೀ ಅಬರ್ಡೀನ್! ಇನ್ನೊಂದೇ ಸೀಟು!" ಅಂತ ಕೂಗುವರು.

"ಮೆಲ್ಲಗೆ ಅನ್ನಿ, ಮೆಷಿನ್ನು ಒಡೆದೋಯ್ತದೆ" ಅಂತ ಹೊಂಬಾಳಮ್ಮ ಗದರುವಳು.

ಹೋದ ವರ್ಷ ವನಜನಿಗೆ ಮೂರು ತಿಂಗಳಾಗಿದ್ದು ನಿಲ್ಲಲಿಲ್ಲ. ಈಗ ಮತ್ತೆ ಬಸುರಿ, ಏಳಕ್ಕೆ ಬೀಳುತ್ತದೆ ಅಂತ ಎಂಬತ್ತನೇ ಇಸವಿಯ ಕಡೆಯಲ್ಲಿ ಒಂದು ಕ್ಯಾಸೆಟ್ ಬಂತು.

"ಅಮ್ಮ, ಇಲ್ಲಿ ನನ್ನ ಫ್ರೆಂಡ್ಸ್ ಎಲ್ಲ ಸೇರಿ ಸೀಮಂತ ಮಾಡ್ತಾರಂತೆ. ಸಿಲೋನಿನವಳು ಬಳೆ ತರ್ತಾಳೆ. ಹಾಡೋಕ್ಕೆ ಯಾರೂ ಇಲ್ಲ. ನೀನು ಮಡಿಲು ತುಂಬೋ ಪದ ಹಾಡಿ ಕಳಿಸು. ನೀನೇ ಹಾಡ್ಬೇಕು. ನಿನ್ನ ದನಿ ಕೇಳಿದ್ರೆ ನಂಗೆ ಧೈರ್ಯ ಕಣಮ್ಮ. ಈ ಸಲ ಭಯ ಆಗ್ತದೆ."

ಏಜೆಂಟರು ಎರಡು ಸಲ ಹಾಕಿಸಿ ಕೇಳಿದರು. "ಹಾಡು ನೀನು. ಹೆಸರಿನ ಜಾಗದಲ್ಲಿ ನಾನೇ ಕೂಗ್ತೀನಿ ಬುಡು" ಅಂದು ನಕ್ಕರು.

ಅದಾದ ಮುಂದಿನ ವಾರ ಅವರು ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಹನ್ನೊಂದರ ತಿಥಿ ಕಳೆಯುವವರೆಗೂ ಮನೆಯಲ್ಲಿ ಅಬರ್ಡೀನಿನ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತು ಊಟವಾಗಿ ನೆಂಟರು ಚದುರಿದ ಮೇಲೆ ರಂಗಧಾಮನೇ ಎತ್ತಿದ.

"ವನಜಂಗೆ ಹೇಳೋದ್ ಬ್ಯಾಡ. ಹೆರಿಗೆ ಆಗ್ಲಿ. ಒಂದ್ ಸಲ ಕಳ್ಕೊಂಡವ್ಳೆ. ಹತ್ರ ಯಾರವ್ರೆ ಅವ್ಳಿಗೆ?"

"ಅಳಿಯಂಗಾರ ಹೇಳ್ಲಾ" ಅಂದಳು ಹೊಂಬಾಳಮ್ಮ.

"ಅವನ್ ಮುಖ ನೋಡಿದ್ರೆ ಸಾಕು, ಅವ್ಳಿಗೆ ಗೊತ್ತಾಗ್ಬುಡ್ತದೆ."

ಏಜೆಂಟರ ಅಕ್ಕ ಕೊಲ್ಲಾಪುರಮ್ಮ ಸಿ.ಎಸ್. ಪುರದಿಂದ ಬಂದಿದ್ದಳು. ಹಣೆ ತುಂಬ ಕುಂಕುಮ, ಬಾಯಿ ತುಂಬ ಮಾತು. ಅವಳೂ ಮುಚ್ಚಿಡುವುದೇ ಸರಿ ಅಂದಳು. ಆದರೆ ಹಾಡಿನ ಮಾತು ಬಂದಾಗ ಉರಿದುಬಿದ್ದಳು.

"ಏನಂದೆ? ತಾಳಿ ತೆಗೆದ ಕೊರಳಲ್ಲಿ ಸೋಬಾನೆಯಾ? ಚೊಚ್ಚಲ ಬಸುರಿಗೆ? ಬೇಕಾದ್ರೆ ನಾನ್ ಹಾಡ್ತೀನಿ."

"ಅತ್ತೆ, ನಿನ್ ಗಂಟ್ಲು ಅವ್ಳಿಗೆ ಗೊತ್ತಿಲ್ವಾ?" ಅಂದ ರಂಗಧಾಮ. "ಅಮ್ಮ ಯಾಕ್ ಹಾಡ್ಲಿಲ್ಲ ಅಂತ ಕೇಳಲ್ವಾ? ಕಳಿಸ್ದಿದ್ರೂ ಕೇಳ್ತಾಳೆ."

"ಕೇಳ್ಲಿ. ಮಗೂಗ್ ಏನಾರ ಆದ್ರೆ ಇವ್ಳ ಬಾಯಿಂದ್ಲೇ ಆಯ್ತು ಅಂತೀನಿ ನಾನು, ನೋಡ್ತಿರು." ಕೊಲ್ಲಾಪುರಮ್ಮ ಆ ಸಂಜೆಯೇ ಬಸ್ಸು ಹತ್ತಿದಳು.

ಹೊಂಬಾಳಮ್ಮ ಹಾಡಿದರೂ ತಪ್ಪು, ಹಾಡದಿದ್ದರೂ ತಪ್ಪು. ಅತ್ತಿಗೆಯ ಮಾತನ್ನು ಅವಳು ಸುಳ್ಳೆಂದು ತಳ್ಳಿಹಾಕುವವಳಲ್ಲ. ಬೇರೆಯವರ ಮನೆಯಲ್ಲಾಗಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು. ಒಂದು ವಾರ ಅನ್ನದ ಮುಂದೆ ಕೂತು ಎದ್ದಳು. 'ಈ ಸಲ ಭಯ ಆಗ್ತದೆ' ಎಂದ ಮಗಳ ದನಿ ಕಿವಿ ಬಿಟ್ಟು ಹೋಗಲಿಲ್ಲ. ಕಡೆಗೆ ಒಂದು ಭಾನುವಾರ ಹಿತ್ತಲಿನಿಂದಲೇ ರಾಧಮ್ಮನವರ ಮನೆಗೆ ಹೋದಳು. ಬೀದಿಯ ಬಾಗಿಲಿಂದ ಹೋದರೆ ಯಾರಾದರೂ ಕೇಳಿಯಾರು ಅಂತ.

"ರಾಧಮ್ಮೋರೆ, ಬಾಗ್ಲು ಹಾಕ್ಬುಡಿ. ಹಾಡ್ತೀನಿ."

ರಾಧಮ್ಮ ಎದ್ದರು. ಬಾಗಿಲು ಕಿಟಕಿ ಮುಚ್ಚಿದರು. "ಹೆಸರಿನ ಸಾಲು ಬಂದಾಗ ನಾನು ಹೇಳ್ತೀನಿ ಹೊಂಬಾಳಮ್ಮ. ನೀವು ಸುಮ್ಮನಾಗಿಬಿಡಿ" ಅಂದರು. ಹೊಂಬಾಳಮ್ಮನ ಕೈಯಲ್ಲಿ ಬಳೆಯಿಲ್ಲದ್ದು ಕಂಡು, ಟೇಪಿನಲ್ಲಿ ಬಳೆಯ ಸದ್ದಾದರೂ ಇರಲೆಂದು ತಾವೇ ಬಳೆ ಕೈಯಲ್ಲಿ ತಾಳ ಹಾಕಲು ಕೂತರು. ಜೊತೆಗೆ ಬಂದಿದ್ದ ರಂಗಧಾಮ ಮೊದಲು ಮಾತಾಡಿದ. ಎಲ್ಲರೂ ಚೆನ್ನಾಗಿದ್ದೀವಿ, ಅಪ್ಪ ಬಸ್ಸಿನ ಜೊತೆ ತಿಪಟೂರಿಗೆ ಹೋಗಿದ್ದಾರೆ, ಅಂದ. ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ.

ಹೊಂಬಾಳಮ್ಮ ಕಣ್ಣು ಮುಚ್ಚಿ ಹಾಡಿದಳು. ದನಿ ನಡುಗಲಿಲ್ಲ. ಅತ್ತೆ ಬಳೆ ತಂದಳು. ಅಣ್ಣ ರಂಗಧಾಮ ಹೂವು ತಂದ. ಹಸಿರು ಸೀರೆಯ ಸಾಲು ಬಂದಾಗ ನಿಲ್ಲಿಸಿ ರಾಧಮ್ಮನವರ ಕಡೆ ನೋಡಿದಳು. ಅವರು ಬಾಯಿ ತೆರೆದರು. ದನಿ ಬರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕುವುದನ್ನು ತಡೆಯುತ್ತ ಕೂತರು. ಟೇಪು ಸುತ್ತುತ್ತಲೇ ಇತ್ತು. ಇನ್ನೊಂದು ಗಳಿಗೆ ಬಿಟ್ಟರೆ ಅಳುವಿನ ಸದ್ದೇ ಅದರಲ್ಲಿ ಸೇರಿಬಿಡುತ್ತದೆ.

ಹೊಂಬಾಳಮ್ಮ ತಾನೇ ಹಾಡಿದಳು. "ಹೆತ್ತ ತಂದೆ ಸಿದ್ದಗಂಗಯ್ಯ ಹಸಿರುಸೀರೆ ತಂದಾನೆ, ಮಗಳ ಮಡಿಲಿಗೆ ತಂದಾನೆ."

ಹಾಡು ಮುಗಿಸಿ ತಲೆ ತಗ್ಗಿಸಿ ಕೂತಳು. ರಾಧಮ್ಮ ಕಣ್ಣೊರೆಸಿಕೊಂಡು, "ತಪ್ಪಾಯ್ತು ನನ್ನಿಂದ, ಅಳಿಸಿ ಇನ್ನೊಂದ್ಸಲ ಮಾಡೋಣವೇ?" ಅಂದರು.

"ಇರ್ಲಿ ಬುಡಿ. ಇನ್ನೊಂದ್ ಸಲ ನನ್ ಕೈಲಾಗಲ್ಲ."

ಕ್ಯಾಸೆಟ್ ಹೋಯಿತು. ಆಮೇಲಿನ ದಿನಗಳಲ್ಲಿ ಹೊಂಬಾಳಮ್ಮ ಪೋಸ್ಟ್‌ಮನ್ನನ ಸೈಕಲ್ ಸದ್ದಿಗೆ ಹೆದರಿ ಒಳಕೋಣೆ ಸೇರುತ್ತಿದ್ದಳು. ಯುಗಾದಿ ಸಮೀಪಕ್ಕೆ ತಂತಿ ಬಂತು: ಹೆಣ್ಣು ಮಗು, ತಾಯಿ ಮಗು ಕ್ಷೇಮ. ಅವತ್ತು ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಬಾಣಂತನ ಕಳೆದ ಮೇಲೆ ರಂಗಧಾಮ ವಿಷಯ ಬರೆದು ಹಾಕಿದ.

ಅದಕ್ಕೆ ಬಂದ ಕ್ಯಾಸೆಟ್ಟಿನಲ್ಲಿ ವನಜ ಮಗುವಿನ ಮಾತೇ ಆಡಿದ್ದಳು. ಮಗು ನಗುತ್ತದೆ, ಪ್ರೊಫೆಸರ ಹೆಂಡತಿ ಉಲ್ಲನ್ ಟೋಪಿ ಹೆಣೆದುಕೊಟ್ಟಳು, ಸಿಲೋನಿನವಳು ನಾಮಕರಣಕ್ಕೆ ಪಾಯಸ ಮಾಡಿದಳು. ಕೊನೆಯಲ್ಲಿ, "ಹೊತ್ತಿಗೆ ಸರಿಯಾಗಿ ಊಟ ಮಾಡಮ್ಮ." ಅಷ್ಟೆ. ಅಪ್ಪನ ಹೆಸರಿಲ್ಲ, ಒಂದು ಬಿಕ್ಕಿಲ್ಲ.

"ಇನ್ನೊಂದ್ ಸೈಡ್ ಐತಾ ನೋಡಿ ರಾಧಮ್ಮೋರೆ."

"ಇಲ್ಲ ಹೊಂಬಾಳಮ್ಮ. ಖಾಲಿ."

ಮಗಳು ಮುನಿದಿದ್ದಾಳೆ ಅಂತ ಹೊಂಬಾಳಮ್ಮ ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಳು. ಬೀದಿಯಲ್ಲಿ ಮದುವೆಗಳಾಗುತ್ತಿದ್ದವು, ಅವಳನ್ನು ಯಾರೂ ಹಾಡಿಗೆ ಕರೆಯುತ್ತಿರಲಿಲ್ಲ. ದೂರದ ಮನೆಯಲ್ಲಿ ಬೇರೆ ಯಾರೋ ಅವಳ ಪದವನ್ನೇ ಎಡವಿ ಎಡವಿ ಹಾಡುವುದು ಕೇಳಿಸಿದರೆ, ಒಳಗೆ ಕೂತು ತುಟಿಯಲ್ಲೇ ತಿದ್ದುವಳು.

ಎಂಬತ್ತೊಂದರ ಡಿಸೆಂಬರಿನಲ್ಲಿ ವನಜ ಮಗುವನ್ನು ಕರೆದುಕೊಂಡು ಅಪ್ಪನ ವರ್ಷದ ತಿಥಿಗೆ ಬಂದಳು. ತೆಳ್ಳಗಾಗಿದ್ದಳು. ತಿಥಿಯ ದಿನವೂ ಅಳಲಿಲ್ಲ. ಮಾರನೆಯ ದಿನ ಮಗು ಮಲಗಿತ್ತು. ತಾಯಿ ಮಗಳು ಹಿತ್ತಲ ಬಿಸಿಲಿನಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತರು.

"ಅಮ್ಮ, ಆ ಟೇಪು ನನ್ನ ಹತ್ರ ಇದೆ."

ಹೊಂಬಾಳಮ್ಮ ಇನ್ನೊಂದು ಹಿಡಿ ಕಾಳು ಎಳೆದುಕೊಂಡಳು.

"ಸೀಮಂತದ ದಿನ ಹಾಕಿದ್ವಿ. ಬಳೆ ತೊಡಿಸಿದ್ರು. ಪ್ಲಾಸ್ಟಿಕ್ ಹೂವು ಮುಡಿಸಿದ್ರು. ನಿನ್ನ ಹಾಡಿಗೆ ಎಲ್ಲ ಚಪ್ಪಾಳೆ ತಟ್ತಾ ಇದ್ರು, ಅವರಿಗೇನು ಅರ್ಥ ಆಗ್ಬೇಕು ಪಾಪ. ನೀನು ಅಪ್ಪನ ಹೆಸರು ಹೇಳ್ದೆ."

"ರಾಧಮ್ಮೋರು ಹೇಳ್ತೀನಿ ಅಂದಿದ್ರು..."

"ಅಪ್ಪ ಇದ್ದಿದ್ರೆ ನೀನು ಹೇಳ್ತಿದ್ಯೇನಮ್ಮ?"

ಹೊಂಬಾಳಮ್ಮನ ಬೆರಳು ನಿಂತವು. "ಅವತ್ತೇ ಗೊತ್ತಾಯ್ತಾ ನಿಂಗೆ?"

"ಅವತ್ತೇ. ಚಪ್ಪಾಳೆ ಮಧ್ಯದಲ್ಲೇ."

"ಆಮೇಲೆ?"

"ಆಮೇಲೇನು. ಬಡಿಸಿದ್ದು ತಿಂದೆ. ಎಲ್ಲರಿಗೂ ತಾಂಬೂಲ ಕೊಟ್ಟೆ. ನೀನು ಅಷ್ಟು ಕಷ್ಟಪಟ್ಟು ಹಾಡಿದೀಯ. ಗೊತ್ತಾಯ್ತು ಅಂದ್ರೆ ನೀನು ಹಾಡಿದ್ದು ದಂಡ ಆಗ್ತದಲ್ಲ? ನಿನ್ನ ಅಳಿಯನಿಗೂ ಹೇಳಲಿಲ್ಲ. ಅವರು ಲ್ಯಾಬಿಗೆ ಹೋದ ಮೇಲೆ ನಲ್ಲಿ ತಿರುಗಿಸಿಕೊಂಡು ಅಳ್ತಿದ್ದೆ. ಗೋಡೆ ತೆಳು. ಮುದುಕಿಗೆ ಕೇಳಿಸ್ತದೆ."

"ಒಬ್ಳೇನಾ?"

"ಒಬ್ಳೇ."

ಹೊಂಬಾಳಮ್ಮ ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಬಿಟ್ಟಳು. ಮುಚ್ಚಿಟ್ಟೆ, ಉಳಿಸಿದೆ ಅಂದುಕೊಂಡಿದ್ದಳು. ಅಲ್ಲಿ ತುಂಬು ಬಸುರಿ ಮಗಳು ನಲ್ಲಿಯ ಸದ್ದಿನಲ್ಲಿ ಅಳುತ್ತಿದ್ದಳು. ಇಲ್ಲಿ ತಾನು ಒಳಕೋಣೆಯಲ್ಲಿ. ಇಬ್ಬರೂ ಒಂದೇ ಸಾವಿಗೆ, ಒಬ್ಬರಿಗೊಬ್ಬರು ಕಾಣದ ಹಾಗೆ.

"ನನ್ ಮ್ಯಾಲೆ ಕ್ವಾಪ ಐತೇನೇ?"

ವನಜ ಕೈಗೆ ಅಂಟಿದ್ದ ಸಿಪ್ಪೆ ಕೊಡವಿದಳು. "ಇದೆ ಕಣಮ್ಮ. ಹಾಡಿದ್ದಕ್ಕಲ್ಲ. ಅಪ್ಪ ಹೇಗೆ ಹೋದ್ರು ಅಂತ ಇವತ್ತಿನವರೆಗೂ ಒಬ್ಬರೂ ನನಗೆ ಹೇಳಿಲ್ಲ. ಅಣ್ಣ ನಾಲ್ಕು ಸಾಲು ಬರೆದ. ಅವತ್ತು ಏನು ತಿಂದ್ರು, ಏನು ಮಾತಾಡಿದ್ರು, ಯಾವ ಅಂಗಿ ಹಾಕ್ಕೊಂಡಿದ್ರು, ನನಗೆ ಒಂದೂ ಗೊತ್ತಿಲ್ಲ." ದನಿ ಒಡೆಯಿತು. ಬಂದ ಮೇಲೆ ಮೊದಲ ಸಲ ಅವಳ ಕಣ್ಣಿಂದ ನೀರು ಇಳಿದು ಅವರೆಕಾಳಿನ ಬಟ್ಟಲಿಗೆ ಬಿತ್ತು. "ಬೆಳಗ್ಗೆಯಿಂದ ಹೇಳಮ್ಮ. ಎದ್ದಿದ್ದರಿಂದ ಹೇಳು."

ಹೊಂಬಾಳಮ್ಮ ಒದ್ದೆ ಕೈಯಲ್ಲೇ ಮಗಳ ಕೆನ್ನೆ ಒರೆಸಿದಳು.

"ಅವತ್ತು ಬಲು ಚಳಿ. ಏಳೋಕೇ ಸೋಮಾರಿತನ ಅವ್ರಿಗೆ. ನಾನು ನೀರ್ ಕಾಯ್ಸಿ ಎರಡ್ ಕಿತ ಕರೆದೆ..." ಅಂತ ಶುರು ಮಾಡಿ, ಮಗಳ ಕೈ ಸುಮ್ಮನಿದ್ದುದನ್ನು ನೋಡಿ, "ಹಿತುಕ್ತಾ ಕೇಳು ಕಣೇ, ನೀರಾರಿದ್ರೆ ಸಿಪ್ಪೆ ಬುಡಲ್ಲ" ಅಂದಳು. ವನಜ ಒಂದು ಕಾಳು ತೆಗೆದುಕೊಂಡಳು. ಹೊಂಬಾಳಮ್ಮ ಮುಂದುವರಿಸಿದಳು.