ಹಾಲು ಬಿಡಿಸಿದ ವಾರ

ಶ್ರೀನಿವಾಸಪುರದ ಬಾಡಿಗೆ ಮನೆಯಲ್ಲಿದ್ದಾಗ ಎರಡು ವರ್ಷದ ಮಗಳಿಗೆ ಎದೆಹಾಲು ಬಿಡಿಸುತ್ತಿದ್ದೆ. ಎದೆಗೆ ಬೇವಿನ ರಸ ಹಚ್ಚಿಕೊಂಡಿದ್ದರಿಂದ ಅವಳು ಮೂರು ದಿನ ಬಿಡದೆ ಅತ್ತಳು. ಗಂಡ ಬೆಳಿಗ್ಗೆಯೇ ಕೆಲಸಕ್ಕೆಂದು ಕೋಲಾರಕ್ಕೆ ಹೋಗುತ್ತಿದ್ದರು. "ಪಾಪ, ಕುಡ್ಸು" ಎಂದು ಯಾರಾದರೂ ಹೇಳಿದರೆ ಮನಸ್ಸು ಕರಗೀತೆಂದು, ಯಾರು ಕರೆದರೂ ನಾನು ಬಾಗಿಲು ತೆಗೆಯಲಿಲ್ಲ.

ನಾಲ್ಕನೆಯ ದಿನ ಮಕ್ಕಳ ರಕ್ಷಣೆಯ ಕಚೇರಿಯಿಂದ ಒಬ್ಬ ಅಧಿಕಾರಿ, ಜೊತೆಗೊಬ್ಬ ಮಹಿಳಾ ಪೊಲೀಸ್ ಬಂದರು.

"ಮಗು ತುಂಬಾ ಅಳುತ್ತೆ ಅಂತ ಫೋನ್ ಬಂದಿದೆಯಮ್ಮ. ಸ್ವಲ್ಪ ನೋಡ್ಬೇಕು."

ಮಗಳ ಅಂಗಿ ಬಿಚ್ಚಿಸಿ ಬೆನ್ನು, ತೊಡೆ ನೋಡಿದರು. ಮೊಣಕಾಲಿನ ತರಚು ಗಾಯದ ಬಗ್ಗೆ ಎರಡೆರಡು ಸಲ ಕೇಳಿದರು. ನಿಜ ಹೇಳುತ್ತಿದ್ದರೂ ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಅಳುವಿನ ಕಾರಣ ತಿಳಿದು ಪೊಲೀಸಮ್ಮ ನಕ್ಕರು. ಅಧಿಕಾರಿ ನಗಲಿಲ್ಲ, ಬರೆದುಕೊಂಡು ಹೋದರು.

ಆಮೇಲೆ ಬೀದಿಯವರ ಮೇಲೆಲ್ಲ ನನಗೆ ಅನುಮಾನ. ಮಹಡಿ ಮನೆಯವರು "ಪಾಪು ಹೇಗಿದೆ?" ಎಂದರೆ ಇವರೇ ಇರಬೇಕು ಅನ್ನಿಸುತ್ತಿತ್ತು. ಹಾಲಿನವನು ಒಳಗೆ ಇಣುಕಿದರೆ ಅವನೇ ಅನ್ನಿಸುತ್ತಿತ್ತು. ವಾರ ಕಳೆದ ಮೇಲೆ ಎದುರುಮನೆಯ ಅಜ್ಜಿ ತಾವಾಗಿಯೇ ಬಂದರು.

"ನಾನೇ ಕಣಮ್ಮ ಫೋನ್ ಮಾಡ್ಸಿದ್ದು. ನಾನು ಬಾಗ್ಲು ತಟ್ಟಿದ್ ತಕ್ಷಣ ಮಗು ಅಳು ನಿಂತೋಯ್ತು. ನೀನೂ ಮಾತಾಡ್ಲಿಲ್ಲ. ಭಯ ಆಯ್ತು."

ಅವರು ತಟ್ಟಿದ್ದು ನನಗೆ ಕೇಳಿಸಿತ್ತು. ಮಗಳ ಬಾಯನ್ನು ಅಂಗೈಯಿಂದ ಒತ್ತಿ ಮುಚ್ಚಿದ್ದೆ. ಅದನ್ನು ಅಧಿಕಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಅಜ್ಜಿಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ, ಮಗಳನ್ನು ಎತ್ತಿಕೊಂಡು ಜಗುಲಿಯ ಮೇಲೆ ಕೂತರು.